ಒತ್ತಿದ ಕೀ ಎಲ್ಲಿ ತಡೆಯಿತು? ಹೊಸ ವಿಂಡೋಸ್‌ನಲ್ಲಿ ಹಳೆಯ ಡಾಸ್ ತಂತ್ರಾಂಶ

ವಿಂಡೋಸ್‌ಗೂ ಮೊದಲಿನ ಕಾರ್ಯಾಚರಣಾ ವ್ಯವಸ್ಥೆಯಾದ ಡಾಸ್‌ಗಾಗಿ, ಕ್ಲಿಪ್ಪರ್‌, ಫಾಕ್ಸ್‌ಪ್ರೋದಂಥ ದತ್ತಾಂಶ ತಂತ್ರಾಂಶ ಕಟ್ಟುವ ಭಾಷೆಯಲ್ಲಿ ಯಾರೋ ಎಂದೋ ಬರೆದುಕೊಟ್ಟ ಲೆಕ್ಕದ ತಂತ್ರಾಂಶ. ನೀಲಿ ತೆರೆ, ಬಿಳಿ ಅಕ್ಷರ, ಮೌಸ್‌ಗೆ ಕೆಲಸವೇ ಇಲ್ಲ. ವರ್ಷಗಟ್ಟಲೆ ಬಳಸಿದವರ ಬೆರಳುಗಳು ತೆರೆ ನೋಡದೆಯೇ ಅದರಲ್ಲಿ ಓಡಾಡುತ್ತವೆ. ಕಂಪ್ಯೂಟರ್ ಬದಲಾಯಿಸಿದ ಮೇಲೂ ಅದು ಹೇಗೋ ತೆರೆದುಕೊಳ್ಳುತ್ತದೆ. ಆದರೆ ಒತ್ತಿದ ಅಕ್ಷರ ತಡೆದು ತಡೆದು ಮೂಡುತ್ತದೆ, ಒಮ್ಮೆ ಒತ್ತಿದ್ದು ಎರಡು ಸಲ ಬೀಳುತ್ತದೆ, ಬಾಣದ ಕೀ ಮುಟ್ಟಿದರೆ ಪಟ್ಟಿ ನಾಲ್ಕು ಸಾಲು ಹಾರುತ್ತದೆ, ಎಫ್10 ಒತ್ತಿದರೆ ಏನೂ ಆಗುವುದಿಲ್ಲ.

ಇದು ಈಗ ಹೆಚ್ಚು ಜನರ ತಲೆನೋವಾಗಲು ಕಾರಣವಿದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಡಾಸ್ ತಂತ್ರಾಂಶಗಳನ್ನು ನೇರವಾಗಿ ನಡೆಸಬಲ್ಲ 32 ಬಿಟ್ ಆವೃತ್ತಿ ಅದರಲ್ಲಿತ್ತು (ಬಿಟ್ ಸಂಖ್ಯೆ ಎಂದರೆ ಪ್ರೊಸೆಸರ್ ಒಂದೇ ಸಲಕ್ಕೆ ನಿಭಾಯಿಸುವ ದತ್ತಾಂಶದ ಅಳತೆ). 2021ರಲ್ಲಿ ಬಂದ ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ. ಹಳೆಯ ತಂತ್ರಾಂಶ ಉಳಿಸಿಕೊಳ್ಳಬೇಕಾದವರು ಅನಿವಾರ್ಯವಾಗಿ ಹೊಸ ದಾರಿ ಹಿಡಿಯಬೇಕಾಗಿದೆ.

ಇಂಥ ಸಂದರ್ಭದಲ್ಲಿ ಹೆಚ್ಚಿನವರು ಮೊದಲು ಮಾಡುವುದು ಹೊಸ ಕೀಬೋರ್ಡ್ ಕೊಳ್ಳುವುದು. ತೊಂದರೆ ಕೀಬೋರ್ಡ್‌ನಲ್ಲಿರುವುದು ತೀರ ಅಪರೂಪ. ಒತ್ತಿದ ಕೀ ನಿಮ್ಮ ಬೆರಳಿನಿಂದ ಡಾಸ್ ತಂತ್ರಾಂಶದವರೆಗೆ ಹೋಗುವ ಹೊತ್ತಿಗೆ ನಾಲ್ಕೈದು ಕೈ ದಾಟುತ್ತದೆ. ಯಾವ ಕೈಯಲ್ಲಿ ಅದು ತಡೆಯಿತು ಎಂದು ಗೊತ್ತಾದರೆ ಪರಿಹಾರ ಬಹುಪಾಲು ಒಂದು ಸಣ್ಣ ಬದಲಾವಣೆಯಷ್ಟೇ.

ಡಾಸ್ ಕಾಲದಲ್ಲಿ ಕೀ ನಡೆದ ದಾರಿ

ಕೀಬೋರ್ಡ್ ಅಕ್ಷರವನ್ನು ಕಳಿಸುವುದಿಲ್ಲ, ಸಂಖ್ಯೆಯನ್ನು ಕಳಿಸುತ್ತದೆ. ಡಾಸ್ ಕಾಲದ ಪಿಸಿಯಲ್ಲಿ ‘ಎ’ ಕೀ ಒತ್ತಿದರೆ ಒಳಗೆ ತಲುಪುತ್ತಿದ್ದದ್ದು 30. ಬೆರಳು ತೆಗೆದರೆ ಅದಕ್ಕೆ 128 ಕೂಡಿಸಿದ 158. ಈ ಸಂಖ್ಯೆಗೆ ಸ್ಕ್ಯಾನ್ ಕೋಡ್ ಎಂದು ಹೆಸರು. ಒತ್ತಿದ್ದಕ್ಕೊಂದು, ಬಿಟ್ಟದ್ದಕ್ಕೊಂದು ಸುದ್ದಿ ಎಂಬುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಸಂಖ್ಯೆ ಬಂದೊಡನೆ ಪ್ರೊಸೆಸರ್‌ನ ಬಾಗಿಲಲ್ಲಿ ಕರೆಗಂಟೆ ಬಾರಿಸಿದಂತಾಗುತ್ತದೆ. ಇದೇ ಇಂಟರಪ್ಟ್. ಪ್ರೊಸೆಸರ್ ಕೈಯಲ್ಲಿದ್ದ ಕೆಲಸವನ್ನು ಅರೆಕ್ಷಣ ಬಿಟ್ಟು ಆ ಸಂಖ್ಯೆಯನ್ನು ತೆಗೆದುಕೊಳ್ಳುತ್ತದೆ. ಯಂತ್ರದ ಮೂಲ ತಂತ್ರಾಂಶವಾದ ಬಯೋಸ್ ಅದನ್ನು ಅಕ್ಷರವಾಗಿ ತಿರುಗಿಸಿ ಮೆಮೊರಿಯ ಒಂದು ಪುಟ್ಟ ಜಾಗದಲ್ಲಿ ಇಡುತ್ತದೆ. ಇದು ಕೀಬೋರ್ಡ್ ಬಫರ್. ಇದರಲ್ಲಿ 16 ಮನೆಗಳಿದ್ದವು. ತುಂಬಿದೆಯೋ ಬರಿದಾಗಿದೆಯೋ ಎಂದು ತಿಳಿಯಲು ಒಂದು ಮನೆಯನ್ನು ಖಾಲಿ ಬಿಡುತ್ತಿದ್ದರಿಂದ 15 ಕೀಗಳಿಗಷ್ಟೇ ಜಾಗ. ತಂತ್ರಾಂಶ ಬೇರೇನೋ ಕೆಲಸದಲ್ಲಿದ್ದಾಗ ನೀವು ಹದಿನಾರನೆಯ ಕೀ ಒತ್ತಿದರೆ ‘ಬೀಪ್’ ಎಂಬ ಸದ್ದು ಬಂದು ಆ ಕೀ ಕಳೆದುಹೋಗುತ್ತಿತ್ತು. ಆ ಸದ್ದು ಇಂದಿಗೂ ಕೇಳಿಸಿದರೆ ಅರ್ಥ ಅದೇ: ಕೀ ಒಳಗೆ ಬರುತ್ತಿದೆ, ತಂತ್ರಾಂಶ ಅದನ್ನು ಎತ್ತಿಕೊಳ್ಳುತ್ತಿಲ್ಲ.

ಕಾಯುವುದೂ ಕೆಲಸವಾದಾಗ

ಡಾಸ್‌ನಲ್ಲಿ ಒಂದು ಹೊತ್ತಿಗೆ ಒಂದೇ ತಂತ್ರಾಂಶ ನಡೆಯುತ್ತಿತ್ತು. ಇಡೀ ಯಂತ್ರ ಅದರದ್ದೇ. ಆದ್ದರಿಂದ ಕೀಗಾಗಿ ಕಾಯುವಾಗಲೂ ಅದು ಸುಮ್ಮನೆ ಕೂರುತ್ತಿರಲಿಲ್ಲ. ‘ಕೀ ಬಂತೇ, ಬಂತೇ, ಬಂತೇ’ ಎಂದು ಬಫರನ್ನು ಸೆಕೆಂಡಿಗೆ ಸಾವಿರಾರು ಸಲ ಇಣುಕಿ ನೋಡುತ್ತಿತ್ತು. ಇದಕ್ಕೆ ಪೋಲಿಂಗ್ ಎನ್ನುತ್ತಾರೆ.

ನೆಂಟರಿಗಾಗಿ ಕಾಯುವ ಇಬ್ಬರನ್ನು ಕಲ್ಪಿಸಿಕೊಳ್ಳಿ. ಒಬ್ಬರು ಕರೆಗಂಟೆ ಕೇಳಿಸಿದಾಗ ಏಳೋಣ ಎಂದು ಮಲಗಿರುತ್ತಾರೆ. ಇನ್ನೊಬ್ಬರು ಪುರುಸೊತ್ತಿಲ್ಲದೆ ಬಾಗಿಲು ತೆರೆದು ತೆರೆದು ನೋಡುತ್ತಿರುತ್ತಾರೆ. ಇಂದಿನ ವಿಂಡೋಸ್ ತಂತ್ರಾಂಶಗಳು ಮೊದಲನೆಯವರ ಹಾಗೆ, ಡಾಸ್ ತಂತ್ರಾಂಶಗಳು ಎರಡನೆಯವರ ಹಾಗೆ.

ಮನೆಯಲ್ಲಿ ಬೇರೆ ಯಾರೂ ಇಲ್ಲದಿದ್ದಾಗ ಬಾಗಿಲು ಎಷ್ಟು ಸಲ ತೆರೆದರೂ ಯಾರಿಗೂ ತೊಂದರೆಯಿಲ್ಲ. ವಿಂಡೋಸ್‌ನಲ್ಲಿ ಹತ್ತಾರು ತಂತ್ರಾಂಶಗಳು ಪ್ರೊಸೆಸರನ್ನು ಹಂಚಿಕೊಂಡು ಬದುಕುತ್ತವೆ. ಎಡೆಬಿಡದೆ ಬಾಗಿಲು ತೆರೆಯುವವರು ಕೆಲಸ ಮಾಡುತ್ತಿದ್ದಾರೋ, ಬರೀ ಕಾಯುತ್ತಿದ್ದಾರೋ? ಹೊರಗಿನಿಂದ ನೋಡುವ ವಿಂಡೋಸ್‌ಗೆ ಖಚಿತವಾಗಿ ತಿಳಿಯುವುದಿಲ್ಲ. ಕೆಲಸದಲ್ಲಿದ್ದಾರೆ ಎಂದುಕೊಂಡರೆ ಪ್ರೊಸೆಸರ್‌ನ ಒಂದು ಕೋರ್ ಪೂರ್ತಿ ಅವರಿಗೇ ಹೋಗುತ್ತದೆ, ಫ್ಯಾನ್ ಭೋರೆನ್ನುತ್ತದೆ. ಸುಮ್ಮನೆ ಕಾಯುತ್ತಿದ್ದಾರೆ ಎಂದುಕೊಂಡರೆ ಅವರನ್ನು ಆಗಾಗ ಮಲಗಿಸುತ್ತದೆ. ಮಲಗಿರುವಾಗ ಬಂದ ಕೀ ಎದ್ದ ಮೇಲೆಯೇ ಕಣ್ಣಿಗೆ ಬೀಳುವುದು. ಡಾಸ್ ತಂತ್ರಾಂಶಗಳ ಮಂದಗತಿಯ ದೊಡ್ಡ ಪಾಲು ಈ ಒಂದು ತಪ್ಪು ಊಹೆಯಿಂದ ಹುಟ್ಟುತ್ತದೆ.

ಡಾಸ್‌ಗೆ ಕೈಹಾಕುವ ಮುನ್ನ

ನೋಟ್‌ಪ್ಯಾಡ್ ತೆರೆದು ನಾಲ್ಕು ಸಾಲು ವೇಗವಾಗಿ ಟೈಪ್ ಮಾಡಿ. ಅಲ್ಲಿಯೂ ಅಕ್ಷರ ತಪ್ಪಿದರೆ ತೊಂದರೆ ಡಾಸ್‌ನದ್ದಲ್ಲ.

ಆಗ ಮೊದಲು ನೋಡಬೇಕಾದದ್ದು ಫಿಲ್ಟರ್ ಕೀಸ್. ಕೈ ನಡುಗುವವರಿಗೆ ನೆರವಾಗಲೆಂದು ವಿಂಡೋಸ್‌ನಲ್ಲಿರುವ ಈ ಸೌಲಭ್ಯ, ಕ್ಷಣಮಾತ್ರ ತಾಗಿದ ಕೀಗಳನ್ನೂ ಬೆನ್ನುಬೆನ್ನಿಗೆ ಬಂದ ಕೀಗಳನ್ನೂ ಬಿಟ್ಟುಬಿಡುತ್ತದೆ. ಬಲಗಡೆಯ ಶಿಫ್ಟ್ ಕೀಯನ್ನು ಎಂಟು ಸೆಕೆಂಡು ಒತ್ತಿ ಹಿಡಿದರೆ ಇದನ್ನು ಚಾಲೂ ಮಾಡಬೇಕೇ ಎಂದು ವಿಂಡೋಸ್ ಕೇಳುತ್ತದೆ. ಓದದೆ ಎಂಟರ್ ಒತ್ತಿದರೆ ಮುಗಿಯಿತು, ವೇಗವಾಗಿ ಟೈಪ್ ಮಾಡುವವರ ಕೀಬೋರ್ಡ್ ಸತ್ತಂತೆಯೇ. ಶಿಫ್ಟನ್ನು ಐದು ಸಲ ಒತ್ತಿದರೆ ಬರುವ ಸ್ಟಿಕಿ ಕೀಸ್ ಇದರ ಜೊತೆಗಾರ. ಎರಡೂ ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ವಿಭಾಗದ ಕೀಬೋರ್ಡ್ ಪುಟದಲ್ಲಿ ಸಿಗುತ್ತವೆ. ಅವನ್ನು ಆಫ್ ಮಾಡಿ ನೋಡಿ.

ಎಫ್ ಕೀಗಳು ಮಾತ್ರ ಸ್ಪಂದಿಸದಿದ್ದರೆ, ಅದೂ ಲ್ಯಾಪ್‌ಟಾಪ್ ಆಗಿದ್ದರೆ, ಕಾರಣ ಸರಳ. ಇಂದಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಆ ಸಾಲಿನ ಮೊದಲ ಕೆಲಸ ಧ್ವನಿ ಮತ್ತು ಬೆಳಕು ಹೆಚ್ಚುಕಡಿಮೆ ಮಾಡುವುದು. ಎಫ್10 ಬೇಕೆಂದರೆ ಎಫ್ಎನ್ ಕೀಯನ್ನೂ ಜೊತೆಗೆ ಒತ್ತಬೇಕು, ಇಲ್ಲವೇ ಯಂತ್ರದ ಸೆಟಪ್‌ನಲ್ಲಿ ಆ ಕ್ರಮವನ್ನು ಅದಲುಬದಲು ಮಾಡಬೇಕು. ಡಾಸ್ ತಂತ್ರಾಂಶಗಳ ಜೀವವೇ ಎಫ್ ಕೀಗಳಲ್ಲಿ ಇರುವುದರಿಂದ ಈ ಸಣ್ಣ ಸಂಗತಿ ಬಹಳ ಜನರನ್ನು ದಿಕ್ಕುತಪ್ಪಿಸಿದೆ. ಕನ್ನಡ ಟೈಪಿಂಗ್ ವಿನ್ಯಾಸ ಚಾಲೂ ಇದ್ದಾಗ ಡಾಸ್ ತೆರೆಯಲ್ಲಿ ಅಕ್ಷರ ಮೂಡದೆ ಹೋಗುವುದೂ ಇದೇ ಬಗೆಯದು. ಇಂಗ್ಲಿಷ್ ವಿನ್ಯಾಸಕ್ಕೆ ಮರಳಿ ನೋಡಿ.

ನೋಟ್‌ಪ್ಯಾಡ್‌ನಲ್ಲಿ ಎಲ್ಲ ಸರಿಯಿದ್ದು ಡಾಸ್‌ನಲ್ಲಿ ಮಾತ್ರ ತಡೆಯುತ್ತಿದ್ದರೆ ಮುಂದಿನದು ನಿಮಗಾಗಿ.

ನಿಮ್ಮದು 32 ಬಿಟ್ ವಿಂಡೋಸ್ ಆಗಿದ್ದರೆ

1985ರಲ್ಲಿ ಬಂದ ಇಂಟೆಲ್ 386 ಪ್ರೊಸೆಸರ್‌ನಲ್ಲಿ ಒಂದು ವಿಶೇಷ ಏರ್ಪಾಡಿತ್ತು. ದೊಡ್ಡ ಕಾರ್ಯಾಚರಣಾ ವ್ಯವಸ್ಥೆಯೊಂದು ನಡೆಯುತ್ತಿರುವಾಗಲೇ ಅದರೊಳಗೆ ಹಳೆಯ 8086 ಪ್ರೊಸೆಸರ್‌ನ ಯಂತ್ರವೊಂದು ಇರುವಂತೆ ನಟಿಸುವುದು. 1993ರ ವಿಂಡೋಸ್ ಎನ್‌ಟಿಯಿಂದ ಮೊದಲ್ಗೊಂಡು 32 ಬಿಟ್ ವಿಂಡೋಸ್ 10ರವರೆಗೆ ಎನ್‌ಟಿವಿಡಿಎಂ ಎಂಬ ಭಾಗ ಈ ಏರ್ಪಾಡಿನ ಮೇಲೆ ಡಾಸ್ ತಂತ್ರಾಂಶಗಳನ್ನು ನಡೆಸುತ್ತ ಬಂತು. ಮೇಲೆ ಹೇಳಿದ ತಪ್ಪು ಊಹೆ ಮಾಡುವುದೂ ಇದೇ ಎನ್‌ಟಿವಿಡಿಎಂ. ತಂತ್ರಾಂಶ ಬಫರನ್ನು ಪದೇ ಪದೇ ಇಣುಕುತ್ತಿದೆ ಎಂದು ಕಂಡರೆ ‘ಇದಕ್ಕೀಗ ಕೆಲಸವಿಲ್ಲ’ ಎಂದು ತೀರ್ಮಾನಿಸಿ ಅದರ ಪಾಲಿನ ಸಮಯವನ್ನು ಕಡಿತಗೊಳಿಸುತ್ತದೆ.

ಈ ತೀರ್ಮಾನ ಎಷ್ಟು ಬೇಗ ಆಗಬೇಕು ಎಂಬುದನ್ನು ನೀವು ನಿಗದಿಪಡಿಸಬಹುದು. ತಂತ್ರಾಂಶದ ಕಡತದ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದು ‘ಮಿಸ್ಕ್’ ಎಂಬ ಟ್ಯಾಬ್‌ಗೆ ಹೋಗಿ. ಅಲ್ಲಿ ‘ಐಡಲ್ ಸೆನ್ಸಿಟಿವಿಟಿ’ ಎಂಬ ಜಾರುಪಟ್ಟಿ ಇದೆ. ಅದನ್ನು ‘ಲೋ’ ಕಡೆಗೆ ಸರಿಸಿದರೆ ವಿಂಡೋಸ್ ಹೆಚ್ಚು ತಾಳ್ಮೆಯಿಂದ ಸಮಯ ಕೊಡುತ್ತ ಹೋಗುತ್ತದೆ, ಕೀಗಳು ಚುರುಕಾಗುತ್ತವೆ. ‘ಹೈ’ ಕಡೆಗೆ ಸರಿಸಿದರೆ ಬೇಗ ಮಲಗಿಸುತ್ತದೆ, ಉಳಿದ ತಂತ್ರಾಂಶಗಳಿಗೆ ಉಸಿರಾಡಲು ಜಾಗ ಸಿಗುತ್ತದೆ. ಹೆಸರು ಕೇಳಿ ‘ಹೈ’ ಎಂದರೆ ಹೆಚ್ಚು ಚುರುಕು ಎಂದುಕೊಂಡು ಉಲ್ಟಾ ದಿಕ್ಕಿಗೆ ಸರಿಸುವವರೇ ಹೆಚ್ಚು. ಚುರುಕು ಬೇಕಾದರೆ ‘ಲೋ’.

ಅದೇ ಟ್ಯಾಬ್‌ನಲ್ಲಿ ‘ಫಾಸ್ಟ್ ಪೇಸ್ಟಿಂಗ್’ ಎಂಬುದೂ ಇದೆ. ಬೇರೆಡೆಯಿಂದ ನಕಲು ಮಾಡಿ ಅಂಟಿಸಿದ ಪಠ್ಯದಲ್ಲಿ ಅಕ್ಷರಗಳು ಮಾಯವಾಗುತ್ತಿದ್ದರೆ ಅದರ ಗುರುತನ್ನು ತೆಗೆಯಿರಿ. ಬಫರ್‌ನಲ್ಲಿ 15 ಕೀಗಳಿಗಷ್ಟೇ ಜಾಗ ಎಂಬುದನ್ನು ನೆನೆದರೆ ಅಕ್ಷರಗಳು ಎಲ್ಲಿ ಹೋದವು ಎಂದು ಊಹಿಸಬಹುದು.

ಇನ್ನೊಂದು ವಿಚಿತ್ರ ಲಕ್ಷಣ: ಕೆಲಸ ನಡೆಯುತ್ತಿರುವಾಗಲೇ ತೆರೆ ಹಠಾತ್ತನೆ ಗಟ್ಟಿಯಾಗಿ ನಿಂತು ಯಾವ ಕೀಗೂ ಜಗ್ಗದಿರುವುದು. ಕಿಟಕಿಯ ಶೀರ್ಷಿಕೆಯ ಮೊದಲಲ್ಲಿ ‘ಸೆಲೆಕ್ಟ್’ ಎಂಬ ಪದ ಬಂದಿದೆಯೇ ನೋಡಿ. ಬಂದಿದ್ದರೆ ಮೌಸ್ ಎಲ್ಲೋ ಕಿಟಕಿಯೊಳಗೆ ಕ್ಲಿಕ್ ಆಗಿದೆ. ಪಠ್ಯ ಆಯ್ದುಕೊಳ್ಳಲಿ ಎಂದು ವಿಂಡೋಸ್ ತಂತ್ರಾಂಶವನ್ನು ತಡೆದು ನಿಲ್ಲಿಸಿರುತ್ತದೆ. ಎಸ್ಕೇಪ್ ಒತ್ತಿದರೆ ಮುಂದುವರಿಯುತ್ತದೆ. ಮತ್ತೆ ಮತ್ತೆ ಹೀಗಾಗುತ್ತಿದ್ದರೆ ಕಿಟಕಿಯ ಪ್ರಾಪರ್ಟೀಸ್‌ನಲ್ಲಿ ‘ಕ್ವಿಕ್ ಎಡಿಟ್ ಮೋಡ್’ ಎಂಬುದರ ಗುರುತನ್ನು ತೆಗೆದುಬಿಡಿ.

64 ಬಿಟ್ ವಿಂಡೋಸ್ ಆಗಿದ್ದರೆ

386ರ ಆ ಏರ್ಪಾಡು ಪ್ರೊಸೆಸರ್ 64 ಬಿಟ್ ಸ್ಥಿತಿಯಲ್ಲಿ ನಡೆಯುವಾಗ ಲಭ್ಯವಿಲ್ಲ. ಹಾಗಾಗಿ 64 ಬಿಟ್ ವಿಂಡೋಸ್‌ನಲ್ಲಿ ಎನ್‌ಟಿವಿಡಿಎಂ ಬರುವುದಿಲ್ಲ. ಡಾಸ್ ಕಡತದ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಇದು ಈ ಪಿಸಿಯಲ್ಲಿ ನಡೆಯದು ಎಂಬರ್ಥದ ಸಂದೇಶವಷ್ಟೇ ಬರುತ್ತದೆ.

ಇಲ್ಲಿ ಬೇಕಾಗುವುದು ಎಮ್ಯುಲೇಟರ್, ಅಂದರೆ ಹಳೆಯ ಪಿಸಿಯನ್ನು ಪ್ರೊಸೆಸರ್ ಸಮೇತ ತಂತ್ರಾಂಶದಲ್ಲೇ ಕಟ್ಟಿ ನಿಲ್ಲಿಸುವ ತಂತ್ರಾಂಶ. ಇವುಗಳಲ್ಲಿ ಹೆಸರಾದದ್ದು 2002ರಿಂದ ಇರುವ ಡಾಸ್‌ಬಾಕ್ಸ್. ಅದು ನಿಮ್ಮ ಪ್ರೊಸೆಸರನ್ನು ನೇರವಾಗಿ ಬಳಸದೆ, ಒಳಗಿನ ಕಲ್ಪಿತ ಪ್ರೊಸೆಸರ್ ಒಂದು ಮಿಲಿಸೆಕೆಂಡಿನಲ್ಲಿ ಎಷ್ಟು ಸೂಚನೆಗಳನ್ನು ಪಾಲಿಸಬೇಕು ಎಂದು ಲೆಕ್ಕ ಹಿಡಿದು ನಡೆಸುತ್ತದೆ. ಆ ಲೆಕ್ಕಕ್ಕೆ ಸೈಕಲ್ಸ್ ಎಂದು ಹೆಸರು.

ನಿಮ್ಮ ತೊಂದರೆಯ ಬೇರು ಬಹುಶಃ ಈ ಸೈಕಲ್ಸ್ ಸಂಖ್ಯೆಯಲ್ಲಿದೆ. ಡಾಸ್‌ಬಾಕ್ಸ್ 0.74 ಸರಣಿಯಲ್ಲಿ ಈ ಸಂಖ್ಯೆ ತಾನಾಗಿ ಇರುವುದು ‘ಆಟೊ’ದಲ್ಲಿ. ನಂತರದ ಕಾಲದ ದೊಡ್ಡ ಆಟಗಳು, ಹೆಚ್ಚು ಮೆಮೊರಿ ಬಳಸಲು ಬಿಡುವ ಪ್ರೊಟೆಕ್ಟೆಡ್ ಮೋಡ್ ಎಂಬ ಸ್ಥಿತಿಗೆ ಹೋದಾಗ ‘ಆಟೊ’ ಗರಿಷ್ಠ ವೇಗ ಕೊಡುತ್ತದೆ. ಹಳೆಯ ಸರಳ ಸ್ಥಿತಿಯಲ್ಲೇ ಉಳಿಯುವ ತಂತ್ರಾಂಶಗಳಿಗೆ ಕೊಡುವುದು 3000 ಸೈಕಲ್ಸ್ ಮಾತ್ರ. ಲೆಕ್ಕಪತ್ರ, ದಾಸ್ತಾನು, ಪತ್ರ ಬರೆಯುವ ತಂತ್ರಾಂಶಗಳಲ್ಲಿ ಹೆಚ್ಚಿನವು ಈ ಎರಡನೆಯ ಗುಂಪಿನವು. 3000 ಎಂದರೆ 1980ರ ದಶಕದ ಯಂತ್ರದ ವೇಗ. ಯಂತ್ರ ಎಷ್ಟೇ ಹೊಸದಾಗಿದ್ದರೂ ಒಳಗಿನ ತಂತ್ರಾಂಶಕ್ಕೆ ಸಿಗುವುದು ಅಷ್ಟೇ. ದೊಡ್ಡ ಪಟ್ಟಿಯನ್ನು ಮತ್ತೆ ಬರೆಯುವಾಗ, ಸಾವಿರಾರು ದಾಖಲೆಗಳಲ್ಲಿ ಹುಡುಕುವಾಗ ಅದು ಏದುಸಿರು ಬಿಡುತ್ತದೆ, ನಿಮ್ಮ ಕೀಗಳು ಬಫರ್‌ನಲ್ಲಿ ಸಾಲುಗಟ್ಟಿ ನಿಲ್ಲುತ್ತವೆ.

ಪರೀಕ್ಷೆ ಸುಲಭ. ಡಾಸ್‌ಬಾಕ್ಸ್ ಕಿಟಕಿಯ ಶೀರ್ಷಿಕೆಯಲ್ಲಿ ಸೈಕಲ್ಸ್ ಸಂಖ್ಯೆ ಕಾಣುತ್ತದೆ. ಕಂಟ್ರೋಲ್ ಜೊತೆ ಎಫ್12 ಒತ್ತಿದಂತೆಲ್ಲ ಅದು ಏರುತ್ತದೆ, ಎಫ್11 ಒತ್ತಿದರೆ ಇಳಿಯುತ್ತದೆ. ತಂತ್ರಾಂಶ ನಡೆಯುತ್ತಿರುವಾಗಲೇ ಏರಿಸುತ್ತ ಟೈಪ್ ಮಾಡಿ ನೋಡಿ. ಹಿತವೆನಿಸಿದ ಸಂಖ್ಯೆ ಸಿಕ್ಕ ಮೇಲೆ ಡಾಸ್‌ಬಾಕ್ಸ್‌ನ ಕಾನ್ಫಿಗರೇಶನ್ ಕಡತದ ಸಿಪಿಯು ವಿಭಾಗದಲ್ಲಿ ಸೈಕಲ್ಸ್ ಎಂಬ ಸಾಲಿಗೆ ‘ಫಿಕ್ಸ್ಡ್ 20000’ ಎಂಬಂತೆ ಬರೆದಿಟ್ಟರೆ ಪ್ರತಿ ಸಲ ಏರಿಸುವ ಗೋಜಿಲ್ಲ. ಬರೀ ಅಕ್ಷರಗಳ ತೆರೆಯಿರುವ ತಂತ್ರಾಂಶಕ್ಕೆ 10000ದಿಂದ ಆರಂಭಿಸಿ ಬೇಕಾದಂತೆ ಇಮ್ಮಡಿ ಮಾಡುತ್ತ ಹೋಗುವುದು ಒಳ್ಳೆಯ ಕ್ರಮ. ಏರಿಸಿದಷ್ಟೂ ಒಳ್ಳೆಯದು ಎಂದಲ್ಲ. ನಿಮ್ಮ ಯಂತ್ರ ನಿಭಾಯಿಸಲಾರದಷ್ಟು ಹೆಚ್ಚಿಸಿದರೆ ಡಾಸ್‌ಬಾಕ್ಸ್ ತಾನೇ ಮುಗ್ಗರಿಸುತ್ತದೆ, ಆಗ ಕೀಗಳು ಮೊದಲಿಗಿಂತ ಹೆಚ್ಚು ತಡೆಯುತ್ತವೆ.

ಅದೇ ಕಡತದ ಎಸ್‌ಡಿಎಲ್ ವಿಭಾಗದಲ್ಲಿ ‘ಪ್ರಯಾರಿಟಿ’ ಎಂಬ ಸಾಲಿದೆ. ಅದರಲ್ಲಿ ಎರಡು ಪದಗಳು: ಮೊದಲನೆಯದು ಕಿಟಕಿ ನಿಮ್ಮ ಮುಂದಿರುವಾಗಿನ ಆದ್ಯತೆ, ಎರಡನೆಯದು ನೀವು ಬೇರೆ ಕಡೆ ಹೋದಾಗಿನದು. ಎರಡನೆಯ ಪದ ‘ಪಾಸ್’ (pause, ಅಂದರೆ ತಡೆದು ನಿಲ್ಲಿಸು) ಎಂದಿದ್ದರೆ ಬೇರೆ ಕಿಟಕಿಗೆ ಹೋದ ಕೂಡಲೇ ಒಳಗಿನ ಕೆಲಸ ನಿಂತುಬಿಡುತ್ತದೆ. ವರದಿ ಸಿದ್ಧವಾಗಲಿ ಎಂದು ಬಿಟ್ಟುಹೋದವರು ಮರಳಿ ಬಂದಾಗ ಎಲ್ಲ ಇದ್ದಲ್ಲೇ ಇರುವುದಕ್ಕೆ ಇದು ಕಾರಣವಾಗಬಹುದು.

ಡಾಸ್‌ಬಾಕ್ಸನ್ನು ಕಟ್ಟಿದ್ದು ಆಟಗಳಿಗಾಗಿ ಎಂಬುದನ್ನೂ ಹೇಳಬೇಕು. ಮುದ್ರಣದಂಥ ಕಚೇರಿ ಕೆಲಸಗಳು ಅದರ ಗುರಿಯಲ್ಲ. ಅದರಿಂದಲೇ ಕವಲೊಡೆದ ಡಾಸ್‌ಬಾಕ್ಸ್ ಎಕ್ಸ್ ಮತ್ತು ವಿಡಾಸ್ ಈ ಬಗೆಯ ಬಳಕೆಯನ್ನು ಮನಸ್ಸಿನಲ್ಲಿಟ್ಟುಕೊಂಡಿವೆ. ದಿನವಿಡೀ ಲೆಕ್ಕ ಬರೆಯುವವರು ಅವನ್ನೂ ಪ್ರಯತ್ನಿಸಿ ನೋಡುವುದು ಒಳ್ಳೆಯದು.

ಕೀಯನ್ನು ದಾರಿಯಲ್ಲೇ ಯಾರೋ ಎತ್ತಿಕೊಂಡಾಗ

ಡಾಸ್‌ನಲ್ಲಿ ಸಿ ಭಾಷೆಯ ಪ್ರೋಗ್ರಾಂ ಬರೆಯಲು ಬಳಸುವ ಟರ್ಬೊ ಸಿ ಕಲಿಯುವವರು ತಾವು ಬರೆದ ಪ್ರೋಗ್ರಾಂ ಓಡಿಸಲು ಒತ್ತುವುದು ಕಂಟ್ರೋಲ್ ಮತ್ತು ಎಫ್9. ಡಾಸ್‌ಬಾಕ್ಸ್‌ನಲ್ಲಿ ಅದೇ ಜೋಡಿಗೆ ಬೇರೆ ಅರ್ಥವಿದೆ: ‘ಈ ಕ್ಷಣ ಮುಚ್ಚು’. ಪ್ರೋಗ್ರಾಂ ಓಡುವ ಬದಲು ಕಿಟಕಿಯೇ ಮಾಯವಾಗುತ್ತದೆ, ಉಳಿಸಿಕೊಳ್ಳದ ಕೆಲಸವೂ ಹೋಗುತ್ತದೆ. ತಪ್ಪು ಕಲಿಯುವವರದ್ದಲ್ಲ. ಕೀ ಟರ್ಬೊ ಸಿಯವರೆಗೆ ತಲುಪಲೇ ಇಲ್ಲ, ಎಮ್ಯುಲೇಟರ್ ಅದನ್ನು ದಾರಿಯಲ್ಲೇ ತನ್ನದೆಂದು ತೆಗೆದುಕೊಂಡಿತು.

ಕಂಟ್ರೋಲ್ ಜೊತೆ ಎಫ್1 ಒತ್ತಿದರೆ ಡಾಸ್‌ಬಾಕ್ಸ್‌ನ ಕೀ ನಕ್ಷೆ ತೆರೆಯುತ್ತದೆ. ಯಾವ ಕೀ ಏನು ಮಾಡಬೇಕು ಎಂಬುದನ್ನು ಅಲ್ಲಿ ಬದಲಾಯಿಸಿ ಉಳಿಸಬಹುದು. ಡಾಸ್‌ಬಾಕ್ಸ್ ಶುರುಮಾಡಿದಾಗ ಮಾಡಬೇಕಾದ ಮೊದಲ ಕೆಲಸವೇ ಆ ‘ಮುಚ್ಚು’ ಆಜ್ಞೆಯನ್ನು ಕೈಗೆ ಸಿಗದ ಬೇರೊಂದು ಜೋಡಿಗೆ ಸರಿಸುವುದು ಎಂಬುದು ನನ್ನ ಸಲಹೆ.

ವಿಂಡೋಸ್ ಕೂಡ ಕೆಲವು ಕೀಗಳನ್ನು ತನಗೇ ಇಟ್ಟುಕೊಳ್ಳುತ್ತದೆ: ಆಲ್ಟ್ ಟ್ಯಾಬ್, ಆಲ್ಟ್ ಎಸ್ಕೇಪ್, ಕಂಟ್ರೋಲ್ ಎಸ್ಕೇಪ್, ಪ್ರಿಂಟ್ ಸ್ಕ್ರೀನ್. 32 ಬಿಟ್ ವಿಂಡೋಸ್‌ನಲ್ಲಿ ‘ಮಿಸ್ಕ್’ ಟ್ಯಾಬ್‌ನ ಕೆಳಭಾಗದಲ್ಲಿ ಇವುಗಳ ಪಟ್ಟಿಯಿದೆ. ಗುರುತು ತೆಗೆದ ಕೀ ಡಾಸ್ ತಂತ್ರಾಂಶಕ್ಕೆ ಸೇರುತ್ತದೆ.

ಆಲ್ಟ್ ಟ್ಯಾಬ್ ಒತ್ತಿ ಬೇರೆ ಕಿಟಕಿಗೆ ಹೋಗಿ ಬಂದ ಮೇಲೆ ಅಕ್ಷರ ಒತ್ತಿದರೆಲ್ಲ ಮೆನು ತೆರೆದುಕೊಳ್ಳುತ್ತಿದೆಯೇ? ಒತ್ತಿದ್ದಕ್ಕೊಂದು, ಬಿಟ್ಟದ್ದಕ್ಕೊಂದು ಸುದ್ದಿ ಎಂದಿದ್ದೆನಲ್ಲ, ಇದು ಅದರ ಫಲ. ಆಲ್ಟ್ ಒತ್ತಿದ ಸುದ್ದಿ ಎಮ್ಯುಲೇಟರ್‌ಗೆ ತಲುಪಿದೆ. ಬಿಡುವ ಹೊತ್ತಿಗೆ ನೀವು ಬೇರೆ ಕಿಟಕಿಯಲ್ಲಿದ್ದಿರಿ. ಆಲ್ಟ್ ಇನ್ನೂ ಒತ್ತಿಯೇ ಇದೆ ಎಂದು ಅದು ನಂಬಿದೆ. ಆಲ್ಟ್ ಕೀಯನ್ನು ಒಮ್ಮೆ ಒತ್ತಿ ಬಿಟ್ಟರೆ ಸರಿಹೋಗುತ್ತದೆ.

ಒಂದು ಒತ್ತಿದರೆ ಎರಡು

ಕೀಯನ್ನು ಒತ್ತಿ ಹಿಡಿದರೆ ಅಕ್ಷರ ಮತ್ತೆ ಮತ್ತೆ ಬೀಳುತ್ತದಲ್ಲ, ಅದಕ್ಕೆ ಎರಡು ಅಳತೆಗಳಿವೆ: ಪುನರಾವರ್ತನೆ ಶುರುವಾಗುವ ಮುನ್ನ ಎಷ್ಟು ಹೊತ್ತು ಕಾಯಬೇಕು, ಶುರುವಾದ ಮೇಲೆ ಎಷ್ಟು ವೇಗ. ಡಾಸ್‌ನ ಮೋಡ್ ಆಜ್ಞೆಯಲ್ಲಿ ಇವನ್ನು ಹೊಂದಿಸುತ್ತಿದ್ದರು. ‘ಮೋಡ್ ಕಾನ್ ರೇಟ್=32 ಡಿಲೇ=1’ ಎಂದರೆ ಕಾಲು ಸೆಕೆಂಡು ಕಾದು ಸೆಕೆಂಡಿಗೆ ಸುಮಾರು 30 ಅಕ್ಷರ. ಡಿಲೇ 4 ಎಂದರೆ ಒಂದು ಸೆಕೆಂಡು. ವಿಂಡೋಸ್‌ನ ಕಂಟ್ರೋಲ್ ಪ್ಯಾನೆಲ್‌ನ ಕೀಬೋರ್ಡ್ ಭಾಗದಲ್ಲಿಯೂ ಇದೇ ಎರಡು ಜಾರುಪಟ್ಟಿಗಳಿವೆ. ಅಕ್ಷರಗಳು ಜೋಡಿಯಾಗಿ ಬೀಳುತ್ತಿದ್ದರೆ ಮೊದಲು ಕಾಯುವ ಹೊತ್ತನ್ನು ಹೆಚ್ಚಿಸಿ ನೋಡಿ.

ಡಾಸ್‌ಬಾಕ್ಸ್‌ನೊಳಗಿನ ಕಲ್ಪಿತ ಕೀಬೋರ್ಡ್ ಪುನರಾವರ್ತನೆಯನ್ನು ತಾನೇ ನಡೆಸುತ್ತದೆ. ಯಂತ್ರ ಮುಗ್ಗರಿಸಿ, ಬೆರಳು ತೆಗೆದ ಸುದ್ದಿ ತಡವಾಗಿ ತಲುಪಿದರೆ ಅಷ್ಟರಲ್ಲಿ ಇನ್ನೊಂದೆರಡು ಅಕ್ಷರ ಉದುರಿರುತ್ತವೆ. ದೂರದ ಕಂಪ್ಯೂಟರನ್ನು ರಿಮೋಟ್ ಡೆಸ್ಕ್‌ಟಾಪ್ ಮೂಲಕ ಬಳಸುವವರಿಗೆ ಇದು ಇನ್ನೂ ಹೆಚ್ಚು ಕಾಡುತ್ತದೆ. ಇಲ್ಲಿ ಕೀಬೋರ್ಡ್ ಸೆಟ್ಟಿಂಗ್‌ಗಿಂತ ಮುಗ್ಗರಿಸುವುದನ್ನು ನಿಲ್ಲಿಸುವುದೇ ಮದ್ದು.

ಪಟ್ಟಿ ನಾಲ್ಕು ಸಾಲು ಹಾರುವುದು ಇದಕ್ಕೆ ತದ್ವಿರುದ್ಧ ಕಾಯಿಲೆ. ಕೆಲವು ತಂತ್ರಾಂಶಗಳು ಕಾಲವನ್ನು ಗಡಿಯಾರದಿಂದ ಅಳೆಯದೆ, ‘ಹತ್ತು ಸಾವಿರದವರೆಗೆ ಎಣಿಸಿ ಮುಂದೆ ಹೋಗು’ ಎಂಬ ರೀತಿಯಲ್ಲಿ ಅಳೆಯುತ್ತಿದ್ದವು. ಅಂದಿನ ಯಂತ್ರಕ್ಕೆ ಅಷ್ಟು ಎಣಿಸಲು ಸಾಕಷ್ಟು ಹೊತ್ತು ಬೇಕಿತ್ತು. ಇಂದಿನದು ಕಣ್ಣು ಮಿಟುಕಿಸುವ ಮುನ್ನ ಮುಗಿಸುತ್ತದೆ. ಇಲ್ಲಿ ಸೈಕಲ್ಸ್ ಇಳಿಸಬೇಕು. ಟರ್ಬೊ ಪ್ಯಾಸ್ಕಲ್‌ನಲ್ಲಿ ಬರೆದ ಅನೇಕ ತಂತ್ರಾಂಶಗಳು ವೇಗದ ಯಂತ್ರದಲ್ಲಿ ‘ರನ್‌ಟೈಮ್ ಎರರ್ 200’ ಎಂದು ಆರಂಭದಲ್ಲೇ ನಿಲ್ಲುವುದೂ ಇದೇ ಬಗೆಯ ಎಣಿಕೆಯಿಂದ.

ವರ್ಚುವಲ್ ಯಂತ್ರದಲ್ಲಿ ನಡೆಸುವವರಿಗೆ

ಒಂದು ಕಂಪ್ಯೂಟರ್‌ನೊಳಗೆ ಇನ್ನೊಂದನ್ನು ನಡೆಸುವ ವರ್ಚುವಲ್‌ಬಾಕ್ಸ್‌ನಂಥದರಲ್ಲಿ ಅಸಲಿ ಡಾಸ್ ಅನ್ನೋ 1994ರಿಂದ ಬೆಳೆದುಬಂದ ಅದರ ಮುಕ್ತ ರೂಪವಾದ ಫ್ರೀಡಾಸ್ ಅನ್ನೋ ಸ್ಥಾಪಿಸಿಕೊಂಡವರಿಗೆ ಬಾಗಿಲು ತೆರೆಯುವ ಚಾಳಿ ಬೇರೆ ರೂಪದಲ್ಲಿ ಎದುರಾಗುತ್ತದೆ. ಒಳಗಿನ ಡಾಸ್ ಸುಮ್ಮನಿದ್ದರೂ ಪ್ರೊಸೆಸರ್ ಬಳಕೆ ಏರಿಯೇ ಇರುತ್ತದೆ. ಫ್ರೀಡಾಸ್ ಜೊತೆ ಬರುವ ಎಫ್‌ಡಿಎಪಿಎಂ ಎಂಬ ಪುಟ್ಟ ಉಪಕರಣವನ್ನು ‘ಎಪಿಎಂಡಾಸ್’ ಎಂಬ ಆಯ್ಕೆಯೊಂದಿಗೆ ಆರಂಭದಲ್ಲೇ ಚಾಲೂ ಮಾಡಿಟ್ಟರೆ, ಕೆಲಸವಿಲ್ಲದಾಗ ಪ್ರೊಸೆಸರ್‌ಗೆ ವಿಶ್ರಾಂತಿ ಸಿಗುತ್ತದೆ. ಎಂಎಸ್ ಡಾಸ್ 6ರಲ್ಲಿ ಇದೇ ಕೆಲಸಕ್ಕೆ ಪವರ್ ಎಂಬ ಚಾಲಕ ತಂತ್ರಾಂಶವಿತ್ತು.

ತೆರೆ ಪೂರ್ತಿ ಸಿಕ್ಕಿಕೊಂಡರೆ

ಕಿಟಕಿಯ ಮೂಲೆಯ ಗುಣಿಸು ಗುರುತಿಗೆ ಕೈ ಹೋಗುವುದು ಸಹಜ, ಆದರೆ ಸ್ವಲ್ಪ ತಡೆಯಿರಿ. ಕ್ಲಿಪ್ಪರ್, ಫಾಕ್ಸ್‌ಪ್ರೋ ತಂತ್ರಾಂಶಗಳು ನಿಮ್ಮ ದಾಖಲೆಗಳನ್ನು ಡಿಬಿಎಫ್ ಕಡತದಲ್ಲೂ ಅವನ್ನು ಬೇಗ ಹುಡುಕುವ ಸೂಚಿಯನ್ನು ಬೇರೆ ಕಡತದಲ್ಲೂ ಇಡುತ್ತವೆ. ಬರೆಯುತ್ತಿರುವ ಹೊತ್ತಿನಲ್ಲಿ ಮುಚ್ಚಿದರೆ ಒಂದಕ್ಕೆ ಹೊಸ ನಮೂದು ಸೇರಿ ಇನ್ನೊಂದಕ್ಕೆ ಸೇರದೆ ಹೋಗಬಹುದು. ಆಮೇಲೆ ಹುಡುಕಿದರೆ ಆ ನಮೂದು ಸಿಗುವುದಿಲ್ಲ, ಒಟ್ಟು ಮೊತ್ತದಲ್ಲಿ ಮಾತ್ರ ಕಾಣಿಸುತ್ತದೆ.

ಮೊದಲು ಶೀರ್ಷಿಕೆಯಲ್ಲಿ ‘ಸೆಲೆಕ್ಟ್’ ಇದೆಯೇ ನೋಡಿ, ಎಸ್ಕೇಪ್ ಒತ್ತಿ. ಆಲ್ಟ್, ಕಂಟ್ರೋಲ್, ಶಿಫ್ಟ್ ಒಂದೊಂದನ್ನೂ ಒತ್ತಿ ಬಿಡಿ. ದತ್ತಾಂಶ ಬೇರೆ ಕಂಪ್ಯೂಟರ್‌ನಲ್ಲಿದ್ದು ನೆಟ್‌ವರ್ಕ್ ಮೂಲಕ ಬರುತ್ತಿದ್ದರೆ ಒಂದೆರಡು ನಿಮಿಷ ಕಾಯಿರಿ, ತಂತ್ರಾಂಶ ಅದರ ಉತ್ತರಕ್ಕೆ ಕಾಯುತ್ತಿರಬಹುದು. ಒಂದೇ ಒಂದು ಕೀ ಒತ್ತಿ ನೋಡಿ, ಹತ್ತಾರು ಬೇಡ. ಬಫರ್‌ನಲ್ಲಿ ಸಾಲುಗಟ್ಟಿದ ಕೀಗಳೆಲ್ಲ ತಂತ್ರಾಂಶ ಎಚ್ಚರಗೊಂಡ ಕೂಡಲೇ ಒಟ್ಟಿಗೆ ಒಳನುಗ್ಗುತ್ತವೆ, ‘ಅಳಿಸಲೇ?’ ಎಂಬ ಪ್ರಶ್ನೆಗೂ ಅವುಗಳಲ್ಲೊಂದು ಉತ್ತರವಾಗಿಬಿಡಬಹುದು.

ಇಷ್ಟಾದರೂ ಅಲುಗಾಡದಿದ್ದರೆ ಮುಚ್ಚಲೇಬೇಕು. ಮತ್ತೆ ತೆರೆದಾಗ ಹೊಸ ನಮೂದು ಹಾಕುವ ಮೊದಲು ತಂತ್ರಾಂಶದ ಮೆನುವಿನಲ್ಲಿ ರೀಇಂಡೆಕ್ಸ್ ಎಂಬ ಆಯ್ಕೆ ಇದ್ದರೆ ಅದನ್ನು ನಡೆಸಿ, ಕೊನೆಯ ನಾಲ್ಕೈದು ನಮೂದುಗಳನ್ನು ಕಣ್ಣಾರೆ ನೋಡಿಕೊಳ್ಳಿ. ಇಲ್ಲಿ ಹೇಳಿದ ಯಾವುದೇ ಬದಲಾವಣೆಗೆ ಮುನ್ನ ಆ ಇಡೀ ಫೋಲ್ಡರ್‌ನ ಒಂದು ಪ್ರತಿಯನ್ನು ಬೇರೆ ಡಿಸ್ಕ್‌ನಲ್ಲಿ ತೆಗೆದಿಡಿ. ಡಾಸ್ ಕಾಲದ ದತ್ತಾಂಶ ಎಷ್ಟೇ ಹಳೆಯದಾದರೂ ಕೆಲವು ಮೆಗಾಬೈಟ್‌ಗಳನ್ನು ಮೀರುವುದು ಅಪರೂಪ, ಪ್ರತಿ ತೆಗೆಯಲು ನಿಮಿಷವೂ ಹಿಡಿಯದು.